ಸೂಕ್ಷ್ಮದ ಮಗು

ಆಗೆಲ್ಲ ಯಾರ ಮನೆಗೆ ಅಮ್ಮ ಬಂದಿದ್ದಾಳೆ ಎಂದು ನಮ್ಮ ಬೀದಿಯಲ್ಲಿ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ, ಮೂಗಿದ್ದವರಿಗೆ ಗೊತ್ತಾಗುತ್ತಿತ್ತು. ಭದ್ರಾವತಿಯ ಓಲ್ಡ್ ಟೌನ್‌ನಲ್ಲಿ ಬೆಳಗಿನ ಅಡುಗೆಯ ಹೊತ್ತಿಗೆ ನಡೆದು ಹೋದರೆ ಒಂದೊಂದು ಮನೆಯಿಂದ ಒಂದೊಂದು ಒಗ್ಗರಣೆಯ ವಾಸನೆ. ಒಂದು ಕಡೆ ಇಂಗು, ಇನ್ನೊಂದು ಕಡೆ ಬೆಳ್ಳುಳ್ಳಿ, ಮತ್ತೊಂದು ಕಡೆ ಒಣಮೆಣಸಿನಕಾಯಿ ಘಾಟಿಗೆ ಸೀನು. ಯಾವ ಮನೆಯ ಮುಂದೆ ಮೂಗಿಗೆ ಏನೂ ತಾಗುವುದಿಲ್ಲವೋ ಆ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿರುತ್ತಿದ್ದರು. ದಡಾರವಾಗಲಿ, ಸೀತಾಳೆ ಸಿಡುಬಾಗಲಿ, ನಮ್ಮ ಅಜ್ಜಿಗೆ ಎಲ್ಲವೂ ಅಮ್ಮನೇ. ಅವಳು ಮನೆಯಲ್ಲಿರುವಷ್ಟು ದಿನ ಎಣ್ಣೆ ಕಾಯಿಸುವ ಹಾಗಿಲ್ಲ, ಒಗ್ಗರಣೆ ಹಾಕುವ ಹಾಗಿಲ್ಲ, ಡಾಕ್ಟರ ಹತ್ತಿರ ಹೋಗುವ ಹಾಗಂತೂ ಇಲ್ಲವೇ ಇಲ್ಲ. ಮೊಸರನ್ನ ತಿಂದು ಬೇವಿನ ಸೊಪ್ಪಿನ ಮೇಲೆ ಮಲಗಿದ್ದರೆ ಬಂದ ದಾರಿಯಲ್ಲೇ ಹೋಗುತ್ತಾಳೆ ಎನ್ನುತ್ತಿದ್ದಳು ಅಜ್ಜಿ. ಬಹಳ ಸಲ ಹೋಗುತ್ತಲೂ ಇದ್ದಳು, ಅದಕ್ಕೇ ಎಲ್ಲರಿಗೂ ಅಷ್ಟು ನಂಬಿಕೆ.

ನಾನಾಗ ನಾಲ್ಕನೇ ಕ್ಲಾಸು. ನನ್ನ ತಮ್ಮನನ್ನು ನಾವು ಗುಂಡ ಎಂದು ಕರೆಯುತ್ತಿದ್ದೆವು. ಹೆಸರಿಗೆ ಗುಂಡ, ನೋಡಿದರೆ ಊದುಬತ್ತಿ ಕಡ್ಡಿ. ಹುಟ್ಟುವಾಗಲೇ ಅವನ ಹೃದಯದಲ್ಲಿ ತೂತಿತ್ತು. ಜೋರಾಗಿ ಅತ್ತರೆ ತುಟಿ ನೇರಳೆಹಣ್ಣು ತಿಂದವನ ಹಾಗೆ ನೀಲಿಯಾಗುತ್ತಿತ್ತು. ತೂಕ ಬಂದ ಮೇಲೆ ಬೆಂಗಳೂರಿನಲ್ಲಿ ಆಪರೇಷನ್ ಮಾಡಿಸೋಣ, ಆಮೇಲೆ ಎಲ್ಲರ ಹಾಗೆ ಓಡಾಡಿಕೊಂಡಿರುತ್ತಾನೆ ಎಂದು ಶಿವಮೊಗ್ಗದ ಮಕ್ಕಳ ಡಾಕ್ಟರು ಹೇಳಿದ್ದರು. ಅವತ್ತಿನಿಂದ ಮನೆಮಂದಿಗೆಲ್ಲ ಒಂದೇ ಕೆಲಸ, ಗುಂಡನ ಬಾಯಿಗೆ ಏನಾದರೂ ತುರುಕುವುದು. ರಾಗಿ ಸರಿ, ತುಪ್ಪದ ಅನ್ನ, ಕಿವುಚಿದ ಬಾಳೆಹಣ್ಣು. ಅಪ್ಪನಿಗೆ ಬಜಾರಿನಲ್ಲಿ ಸ್ಟೀಲ್ ಪಾತ್ರೆ ಅಂಗಡಿಯಿತ್ತು. ಭಾನುವಾರ ಬೆಳಗ್ಗೆ ಪಾತ್ರೆ ತೂಗುವ ದೊಡ್ಡ ತಕ್ಕಡಿಯಲ್ಲಿ ಗುಂಡನನ್ನು ಕೂರಿಸಿ, ಇನ್ನೊಂದು ತಟ್ಟೆಗೆ ಕಲ್ಲು ಹಾಕಿ ಅಪ್ಪ ಉಸಿರು ಬಿಗಿಹಿಡಿದು ನೋಡುತ್ತಿದ್ದ. ಮುಳ್ಳು ಒಂದು ಕೂದಲೆಳೆ ಅಲ್ಲಾಡಿದರೂ ಅವತ್ತು ನಮಗೆ ಜಾಮೂನು ಸಿಗುತ್ತಿತ್ತು.

ಗುಂಡನಿಗೆ ಹೆಚ್ಚು ಹೊತ್ತು ಓಡಲು ಆಗುತ್ತಿರಲಿಲ್ಲ. ನಾಲ್ಕು ಹೆಜ್ಜೆ ಓಡಿದರೆ ಕುಕ್ಕರಗಾಲಿನಲ್ಲಿ ಕೂತುಬಿಡುತ್ತಿದ್ದ. ಹಾಗೆ ಕೂತರೆ ಅವನಿಗೆ ಉಸಿರಾಟ ಹಗುರಾಗುತ್ತಿತ್ತಂತೆ, ನಮಗೆ ಅದೆಲ್ಲ ಏನು ಗೊತ್ತು. ಮುಟ್ಟಾಟದ ನಡುವೆ ಅವನು ಕೂತರೆ ಆಟವೇ ಕೆಡುತ್ತಿತ್ತು. ಕೊನೆಗೆ ಪಕ್ಕದ ಮನೆಯ ಕುಮಾರ ಒಂದು ಕಾನೂನು ಮಾಡಿದ. ಗುಂಡ ಕೂತರೆ ಎಲ್ಲರೂ ಎಲ್ಲಿದ್ದಾರೋ ಅಲ್ಲೇ ಕೂರಬೇಕು, ಅವನು ಎದ್ದ ಮೇಲೆಯೇ ಏಳಬೇಕು. ಬೀದಿಯ ಮಕ್ಕಳೆಲ್ಲ ದಬದಬ ಕೂತದ್ದನ್ನು ಕಂಡು ಅವನಿಗೆ ಎಲ್ಲಿಲ್ಲದ ನಗು. ತಾನೇ ರಾಜ ಎಂದುಕೊಂಡು ಸುಮ್ಮಸುಮ್ಮನೆ ಕೂರುವುದನ್ನೂ ಕಲಿತ, ಕಳ್ಳ.

ಆ ಡಾಕ್ಟರು ಇನ್ನೊಂದು ಮಾತನ್ನೂ ಹೇಳಿದ್ದರು.

"ಮಗು ಭಾಳ ಸೂಕ್ಷ್ಮ. ಏನನ್ನೂ ತಡ್ಕೊಳ್ಳಲ್ಲ. ಹುಷಾರಾಗಿ ನೋಡ್ಕೊಳ್ಳಿ."

ಆ 'ಸೂಕ್ಷ್ಮ' ಎಂಬ ಪದವನ್ನು ಅವ್ವ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಊರಿಗೆ ಬಂದಳು. ನನಗೆ ಈಗಲೂ ಆ ಪದ ಕಂಡರಾಗದು. ಫ್ಯಾನು ಬೇಡ, ಸೂಕ್ಷ್ಮ. ಐಸ್‌ಕ್ಯಾಂಡಿ ಬೇಡ, ಸೂಕ್ಷ್ಮ. ಮದುವೆಮನೆಗೆ ಬೇಡ, ದೃಷ್ಟಿಯಾಗುತ್ತದೆ, ಅವನು ಸೂಕ್ಷ್ಮ. ಹಾಗೆಯೇ ಸೂಜಿಯೂ ಬೇಡವಾಯಿತು. ಪೋಲಿಯೊ ಹನಿಯನ್ನು ಮಾತ್ರ ತಪ್ಪದೆ ಹಾಕಿಸುತ್ತಿದ್ದಳು, ಅದು ಚುಚ್ಚುವುದಿಲ್ಲವಲ್ಲ. ನನ್ನ ಎಡತೋಳಿನಲ್ಲಿ ಲಸಿಕೆಯ ಗುರುತು ದೊಡ್ಡ ಮಚ್ಚೆಯ ಹಾಗಿತ್ತು. ಗುಂಡನ ತೋಳು ಬೆಣ್ಣೆ. ಸ್ನಾನ ಮಾಡಿಸಿ ಒರೆಸುವಾಗ ಅವ್ವ ಆ ತೋಳಿಗೆ ಮುತ್ತು ಕೊಟ್ಟೇ ಅಂಗಿ ತೊಡಿಸುತ್ತಿದ್ದಳು.

ಅಂಗನವಾಡಿಗೆ ಲಸಿಕೆ ಹಾಕಲು ಬರುತ್ತಿದ್ದ ಸಿಸ್ಟರು ಒಂದು ಸಲ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ನೀರು ಕುಡಿದು ಕೇಳಿದರು.

"ಏನ್ರೀ, ನಿಮ್ಮ ಹುಡುಗನಿಗೆ ದಡಾರದ ಇಂಜೆಕ್ಷನ್ ಹಾಕ್ಸೇ ಇಲ್ವಲ್ಲ?"

"ಅಯ್ಯೋ ಸಿಸ್ಟರ್, ಅವನು ಸೂಕ್ಷ್ಮದ ಮಗು. ಹಾರ್ಟಲ್ಲಿ ತೂತಿದೆ. ಇಂಜೆಕ್ಷನ್ ಹಾಕಿದ್ರೆ ಜ್ವರ ಬರುತ್ತಲ್ಲ, ಆ ಜ್ವರ ತಡ್ಕೋತಾನಾ ಅವನು?"

ಹಾರ್ಟು ಎಂದ ಕೂಡಲೇ ಸಿಸ್ಟರಿಗೂ ಎದೆ ಡವಡವ ಅಂದಿರಬೇಕು.

"ಹಂಗಾದ್ರೆ ಈಗ್ಲೇ ಬೇಡ ಮಾರಾಯ್ತಿ. ಶಿವಮೊಗ್ಗದ ಡಾಕ್ಟ್ರನ್ನ ಒಂದ್ ಮಾತು ಕೇಳ್ಕೊಂಡು ಬನ್ನಿ. ನಾಳೆ ಏನಾದ್ರೂ ಆದ್ರೆ ನನ್ನ ತಲೆಗೆ ಬರುತ್ತೆ."

ಆ ಒಂದು ಮಾತನ್ನು ಯಾರೂ ಕೇಳಲಿಲ್ಲ. ಶಿವಮೊಗ್ಗಕ್ಕೆ ಹೋದಾಗಲೆಲ್ಲ ಉದ್ದನೆಯ ಸಾಲಿನಲ್ಲಿ ಕೂತು, ಸರದಿ ಬಂದಾಗ ಅವ್ವ ತುಪ್ಪ ಎಷ್ಟು ಹಾಕಬಹುದು ಎಂದು ಕೇಳುತ್ತಿದ್ದಳು, ಆಪರೇಷನ್ ಯಾವಾಗ ಎಂದು ಕೇಳುತ್ತಿದ್ದಳು. ಸೂಜಿಯ ವಿಷಯ ಅವಳ ಮನಸ್ಸಿನಲ್ಲಿ ಇತ್ಯರ್ಥವಾಗಿಹೋಗಿತ್ತು. ಗೊತ್ತಿರುವುದನ್ನು ಯಾರಾದರೂ ಕೇಳುತ್ತಾರೆಯೇ? ಆಪರೇಷನ್ ಆದ ಮೇಲೆ ಗುಂಡನಿಗೆ ತ್ಯಾವರೆಕೊಪ್ಪದ ಸಫಾರಿಯಲ್ಲಿ ಹುಲಿ ತೋರಿಸುತ್ತೇನೆ ಎಂದು ಅಪ್ಪ ಮಾತು ಕೊಟ್ಟಿದ್ದ. ಶಿವಮೊಗ್ಗದ ಬಸ್ಸು ಹತ್ತಿದರೆ ಸಾಕು, ಗುಂಡ ಕಿಟಕಿಯಾಚೆ ನೋಡುತ್ತಾ "ಹುಲಿ?" ಎನ್ನುತ್ತಿದ್ದ.

ಯುಗಾದಿ ಕಳೆದು ಬಿಸಿಲು ಏರಿದ ದಿನಗಳವು. ಕುಮಾರನ ಮನೆಯಿಂದ ಒಗ್ಗರಣೆಯ ವಾಸನೆ ನಿಂತಿತು. ಅವನ ತಾಯಿ ಸೆಲ್ವಕ್ಕ, ಕಬ್ಬಿಣದ ಕಾರ್ಖಾನೆಯ ಕೆಲಸಕ್ಕೆಂದು ತಮಿಳುನಾಡಿನಿಂದ ಬಂದ ಮನೆತನದವಳು, ಬಾಗಿಲಲ್ಲೇ ನಿಂತು ಕೂಗಿ ಹೇಳಿದಳು. "ಅಕ್ಕಾ, ನಮ್ ಕುಮಾರಂಗೆ ಅಮ್ಮ ಬಂದವ್ಳೆ. ಮಗೂನ ಈ ಕಡೆ ಬಿಡ್ಬೇಡಿ." ಪಾಪ, ಅವಳು ಹೇಳುವ ಹೊತ್ತಿಗೆ ತಡವಾಗಿತ್ತು. ಮೈಮೇಲೆ ದದ್ದು ಏಳುವ ಹಿಂದಿನ ದಿನದವರೆಗೂ ಕುಮಾರ ಮೂಗು ಸುರಿಸಿಕೊಂಡು ನಮ್ಮ ಜೊತೆ ಆಡಿದ್ದ, ಗುಂಡ ಕೂತಾಗಲೆಲ್ಲ ಅವನ ಎದುರಿಗೇ ಕೂತಿದ್ದ.

ಕುಮಾರ ಹುಷಾರಾಗಿ ಮಾವಿನಕಾಯಿಗೆ ಕಲ್ಲು ಹೊಡೆಯಲು ಹೊರಟಾಗ ಗುಂಡನಿಗೆ ಜ್ವರ ಬಂತು. ಕಣ್ಣು ಕೆಂಪಾಯಿತು, ಕೆಮ್ಮು ಶುರುವಾಯಿತು, ಕಿವಿಯ ಹಿಂದಿನಿಂದ ಕೆಂಪು ದದ್ದು ಇಳಿದು ಮುಖವೆಲ್ಲ ತುಂಬಿತು. ಅಜ್ಜಿ ವಿಭೂತಿ ಹಚ್ಚಿ, ಬೇವಿನ ಸೊಪ್ಪು ಹಾಸಿ ಮಲಗಿಸಿದಳು. ನಮ್ಮ ಮನೆಯಲ್ಲೂ ಒಗ್ಗರಣೆ ನಿಂತಿತು. ಅಪ್ಪ ಶಿವಮೊಗ್ಗಕ್ಕೆ ಹೋಗೋಣ ಎಂದರೆ ಅಜ್ಜಿ ಅಡ್ಡ ನಿಂತಳು.

"ಅಮ್ಮ ಮೈಮೇಲಿರುವಾಗ ಸೂಜಿ ತೋರಿಸ್ಬಾರ್ದು ಕಣೋ. ಮುನಿಸ್ಕೋತಾಳೆ. ಕುಮಾರಂಗೆ ಏನಾಯ್ತು? ಗುಂಡುಕಲ್ಲಿನ ಹಂಗೆ ಓಡಾಡ್ತಿಲ್ವಾ?"

ಅವ್ವ ಅಪ್ಪನ ಮುಖ ನೋಡಿದಳು, ಅಜ್ಜಿಯ ಮುಖ ನೋಡಿದಳು. "ಇನ್ನೊಂದ್ ದಿನ ನೋಡಣ್ರೀ. ಅವನು ಸೂಕ್ಷ್ಮ, ಈ ಬಿಸಿಲಲ್ಲಿ ಹೆಂಗೆ ಕರ್ಕೊಂಡು ಹೋಗೋದು?" ಎಂದಳು. ಒಂದು ದಿನ ಎಂದದ್ದು ಎರಡಾಯಿತು. ದದ್ದು ಮಾಸತೊಡಗಿತು, ಅಜ್ಜಿಗೆ ಗೆಲುವು. ಆದರೆ ಗುಂಡನ ಉಸಿರು ಮಾತ್ರ ತಿದಿಯೊತ್ತಿದ ಹಾಗೆ ಬರುತ್ತಿತ್ತು. ಒಂದೊಂದು ಉಸಿರಿಗೂ ಪಕ್ಕೆಲುಬಿನ ಸಂದು ಒಳಗೆ ಎಳೆದುಕೊಳ್ಳುತ್ತಿತ್ತು, ಅಳದಿದ್ದರೂ ತುಟಿಯ ನೀಲಿ ಹೋಗುತ್ತಿರಲಿಲ್ಲ. ಅಪ್ಪ ಅಂಗಡಿಯಿಂದ ಬಂದವನು ಅದನ್ನು ನೋಡಿ, ಹೆತ್ತ ತಾಯಿಯ ಮೇಲೆ ಮೊದಲ ಸಲ ದನಿ ಎತ್ತಿದ. ಅವತ್ತೇ ಮಟಮಟ ಮಧ್ಯಾಹ್ನ ಬಾಡಿಗೆ ಕಾರು ಮಾಡಿ ಹೊರಟೆವು. ಮನೆಯಲ್ಲಿ ಬಿಟ್ಟರೆ ಅತ್ತು ರಂಪ ಮಾಡುತ್ತೇನೆಂದು ನನ್ನನ್ನೂ ಕರೆದುಕೊಂಡರು.

ಕಾರಿನಲ್ಲಿ ಗುಂಡ ಅವ್ವನ ತೊಡೆಯ ಮೇಲಿದ್ದ. ಮಲಗಿಸಿದರೆ ಉಸಿರು ಕಟ್ಟುತ್ತದೆಂದು ಮೊಣಕಾಲು ಮಡಿಸಿ ಎದೆಗೆ ಒತ್ತಿ ಕೂರಿಸಿಕೊಂಡಿದ್ದಳು. ಅರ್ಧ ದಾರಿಯಲ್ಲಿ ಅವನು ಕಣ್ಣು ಬಿಟ್ಟು ಕಿಟಕಿಯ ಕಡೆ ನೋಡಿ "ಹುಲಿ?" ಎಂದ. ದನಿ ಬರಲಿಲ್ಲ, ತುಟಿ ಮಾತ್ರ ಆಡಿತು. "ಹೂಂ ಕಂದಾ, ಹುಲಿ ನೋಡಕ್ಕೇ ಹೋಗ್ತಿರೋದು," ಎಂದ ಅಪ್ಪ. ಮುಂದಿನ ಸೀಟಿನಲ್ಲಿ ಕೂತಿದ್ದವನು ಹಿಂದಕ್ಕೆ ತಿರುಗಲಿಲ್ಲ.

ಆಸ್ಪತ್ರೆಯಲ್ಲಿ ಅವನಿಗೆ ಆಮ್ಲಜನಕ ಹಾಕಿದರು. ಅವ್ವ ಒಳಗೆ ಅವನ ಪಾದ ಹಿಡಿದು ಕೂತಿದ್ದಳು. ನಾನು ಅಪ್ಪನ ಕೈ ಹಿಡಿದು ವರಾಂಡದಲ್ಲಿ ನಿಂತಿದ್ದೆ. ಡಾಕ್ಟರು ಹೊರಗೆ ಬಂದರು.

"ದಡಾರ ಶ್ವಾಸಕೋಶಕ್ಕೆ ಇಳಿದಿದೆ. ಹಾರ್ಟು ಮೊದಲೇ ವೀಕು. ಇವನಿಗೆ ದಡಾರದ ಲಸಿಕೆ ಹಾಕ್ಸಿರ್ಲಿಲ್ವಾ?"

"ಇಲ್ಲ ಸರ್. ನೀವೇ ಸೂಕ್ಷ್ಮ ಅಂದಿದ್ರಲ್ಲ."

ಡಾಕ್ಟರು ಬೈಯುತ್ತಾರೆಂದು ನಾನು ಅಪ್ಪನ ಹಿಂದೆ ಸರಿದೆ. ಅವರು ಬೈಯಲಿಲ್ಲ, ಗೋಡೆಗೆ ಒರಗಿದರು.

"ಸೂಕ್ಷ್ಮ ಅಂತ ಹೇಳಿದ್ದು ಅದಕ್ಕೇ ರೀ. ಕಾಯಿಲೆ ತಡ್ಕೊಳ್ಳಲ್ಲ ಅಂದೆ, ಸೂಜಿ ತಡ್ಕೊಳ್ಳಲ್ಲ ಅನ್ಲಿಲ್ಲ. ಇಂಥ ಮಕ್ಕಳಿಗೆ ಎಲ್ಲರಿಗಿಂತ ಮುಂಚೆ ಹಾಕಿಸ್ಬೇಕು."

ಅವರು ಹೋದ ಮೇಲೆ ಅಪ್ಪ ನನ್ನ ಮುಂದೆ ಬಗ್ಗಿ ಹೇಳಿದ. "ಪುಟ್ಟಿ, ಡಾಕ್ಟ್ರು ಈಗ ಹೇಳಿದ್ದು ನಿಮ್ಮವ್ವಂಗೆ ಗೊತ್ತಾಗ್ಬಾರ್ದು. ಯಾವತ್ತೂ." ನಾನು ಆಗಲಿ ಎಂದು ತಲೆಯಾಡಿಸಿದೆ.

ಮಾರನೆಯ ದಿನ ಬೆಳಗ್ಗೆ ಗುಂಡ ಹೋದ. ಊರಿಗೆ ತಂದು, ಮಣ್ಣು ಮಾಡಿ ಬಂದರು. ಸೆಲ್ವಕ್ಕ ಅಡುಗೆ ಮಾಡಿ ತಂದಿಟ್ಟು, ಬಾಗಿಲ ಹೊರಗೇ ಕೂತು ಅತ್ತಳು. ಅಜ್ಜಿ ಅವತ್ತಿನಿಂದ ಮಾತು ಕಡಿಮೆ ಮಾಡಿದಳು. ಬೀದಿಯ ಮಕ್ಕಳು ಕೆಲವು ದಿನ ಸುಮ್ಮನಿದ್ದು ಮತ್ತೆ ಮುಟ್ಟಾಟ ಶುರುಮಾಡಿದರು. ನಾನೂ ಹೋದೆ. ಈಗ ಆಟ ಎಲ್ಲೂ ನಿಲ್ಲುತ್ತಿರಲಿಲ್ಲ, ಸುಸ್ತಾಗಿ ಬೀಳುವವರೆಗೂ ಓಡಿದೆವು.

ಈಗ ಆ ಬೀದಿಯಲ್ಲಿ ಬೇವಿನ ಸೊಪ್ಪು ಸಿಕ್ಕಿಸಿದ ಬಾಗಿಲು ಅಪರೂಪ. ಅಲ್ಲಿನ ಚಿಕ್ಕ ಮಕ್ಕಳಿಗೆ ದಡಾರ ಎಂದರೆ ಏನೆಂದೇ ಗೊತ್ತಿಲ್ಲ. ಸಂತೋಷಪಡಬೇಕಾದ ವಿಷಯ, ಪಡಲು ನನ್ನಿಂದಾಗುವುದಿಲ್ಲ. ಇಷ್ಟು ಸುಲಭವಾಗಿ ಹೋಗುವ ರೋಗಕ್ಕೆ ನಾವು ಅವನನ್ನು ಕೊಟ್ಟೆವಲ್ಲ ಎಂದು ಹೊಟ್ಟೆ ಉರಿಯುತ್ತದೆ. ಅಪ್ಪ ಅಂಗಡಿ ಮುಚ್ಚಿದ್ದಾನೆ. ವರಾಂಡದ ಆ ಮಾತನ್ನು ಅವನಾಗಲಿ ನಾನಾಗಲಿ ಮತ್ತೆ ಎತ್ತಿಲ್ಲ. ಗುಂಡನ ವಿಷಯ ಬಂದರೆ ಇಬ್ಬರೂ ಬೇರೆ ಮಾತು ತೆಗೆಯುತ್ತೇವೆ, ಅವ್ವನ ಜೊತೆ ಅವನನ್ನು ನೆನೆದು ಮನಸಾರೆ ಅಳುವುದಕ್ಕೂ ನಮಗೆ ಆಗದೆ ಹೋಯಿತು.

ನಾನೀಗ ಶಿವಮೊಗ್ಗದ ರವೀಂದ್ರನಗರದಲ್ಲಿದ್ದೇನೆ. ಹೋದ ತಿಂಗಳು ನನ್ನ ಮಗಳಿಗೆ ದಡಾರದ ಲಸಿಕೆ ಹಾಕಿಸಲು ಹೊರಟಾಗ ಅವ್ವನೂ ಬಂದಳು. ಬಂದವಳು ಒಳಗೆ ಬರದೆ ಹೊರಗಿನ ಬೆಂಚಿನ ಮೇಲೆ ಕೂತಳು. ಮಗು ಕಿರುಚಿದ್ದು ಅವಳಿಗೆ ಕೇಳಿಸಿರಬೇಕು. ವಾಪಸು ಬರುವಾಗ ಆಟೋದಲ್ಲಿ ಮಗುವಿನ ತೋಳಿನ ಹತ್ತಿಯನ್ನು ಮೆಲ್ಲಗೆ ಒತ್ತಿ ಹಿಡಿದುಕೊಂಡು ಹೇಳಿದಳು.

"ನೀವು ಈಗಿನೋರು, ಹಾಕಿಸ್ಕೊಳ್ಳಿ. ನಾನು ಮಾತ್ರ ನನ್ನ ಗುಂಡಂಗೆ ಒಂದು ಸೂಜಿ ಚುಚ್ಚೋಕೆ ಬಿಡ್ಲಿಲ್ಲ. ಉಳಿಸ್ಕೊಳ್ಳೋಕಂತೂ ಆಗ್ಲಿಲ್ಲ, ಆ ನೋವಾದ್ರೂ ಅವನಿಗೆ ಕೊಡ್ಲಿಲ್ವಲ್ಲ. ಅದೊಂದೇ ನೋಡು ನಂಗೆ ಸಮಾಧಾನ."

"ಹೂಂ ಅವ್ವ," ಎಂದೆ.