ಟೈಲರಕ್ಕ ಈಜು ಕಲಿತದ್ದು

ಆ ಬೀದಿಯವರು ಟೈಲರಕ್ಕನಿಗೆ ಬೆನ್ನ ಹಿಂದೆ ಇಟ್ಟ ಹೆಸರು ‘ಐದು ನಿಮಿಷ’. ಗಿರಾಕಿ ಬಂದು ಪ್ಯಾಂಟು ಆಯಿತಾ ಎಂದರೆ, “ಐದೇ ನಿಮಿಷ, ಕೂತ್ಕೊಳ್ಳಿ” ಎನ್ನುವಳು. ಒಳಗಿನಿಂದ ಗಂಡ ಊಟಕ್ಕೆ ಕೂಗಿದರೂ ಐದೇ ನಿಮಿಷ. ಎಂಟನೇ ಕ್ಲಾಸಿನ ಮಗಳು ಬೀಜಗಣಿತದ ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತರೂ ಐದೇ ನಿಮಿಷ. ಸುಳ್ಳು ಹೇಳುವ ಜಾಯಮಾನ ಅವಳದಲ್ಲ. ಹೇಳುವ ಹೊತ್ತಿಗೆ ಅವಳೂ ಅದನ್ನು ಪೂರ್ತಿ ನಂಬಿರುತ್ತಿದ್ದಳು. ತೊಂದರೆಯಾಗುತ್ತಿದ್ದದ್ದೇ ಅಲ್ಲಿ.

ಮನೆಯ ಮುಂದಿನ ಕೋಣೆಯೇ ಅಂಗಡಿ. ಬಲಗಣ್ಣಿಗೆ ಬೀದಿ, ಎಡಗಣ್ಣಿಗೆ ಒಲೆಯ ಮೇಲಿನ ಹಾಲು ಕಾಣುವ ಹಾಗೆ ಹೊಲಿಗೆ ಮಿಷನ್ನನ್ನು ಇಟ್ಟುಕೊಂಡಿದ್ದಳು. ಆದರೂ ಹಾಲು ವಾರಕ್ಕೆರಡು ಸಲ ಉಕ್ಕುತ್ತಿತ್ತು.

ಇಂಥವಳಿಗೆ ನಲವತ್ಮೂರನೇ ವಯಸ್ಸಿನಲ್ಲಿ ಈಜು ಕಲಿಯುವ ಆಸೆ. ಹುಡುಗಿಯಾಗಿದ್ದಾಗ ಅಣ್ಣಂದಿರು ಕೆರೆಗೆ ಧುಮುಕುತ್ತಿದ್ದರೆ ದಡದಲ್ಲಿ ಕೂತು ಅವರ ಬಟ್ಟೆ ಕಾಯುವುದು ಇವಳ ಪಾಲಿನ ಕೆಲಸವಾಗಿತ್ತು. ನಗರಸಭೆಯ ಈಜುಕೊಳದಲ್ಲಿ ಸಂಜೆ ನಾಲ್ಕರಿಂದ ಐದು ಹೆಂಗಸರಿಗೆ ಎಂದು ಗೊತ್ತಾದ ದಿನವೇ ಹೋಗಿ ಫೋಟೋ ಕೊಟ್ಟು ಪಾಸು ಮಾಡಿಸಿಕೊಂಡು ಬಂದಳು. ಬಂದವಳು ಅದನ್ನು ಗುಂಡಿ ಡಬ್ಬಿಯೊಳಗೆ ಇಟ್ಟಳು. ಎರಡು ತಿಂಗಳು ಅದು ಅಲ್ಲೇ ಇತ್ತು.

ಒಂದು ದಿನ ಕಿತ್ತುಹೋದ ಗುಂಡಿಗೆ ಜೋಡಿ ಹುಡುಕುತ್ತಿದ್ದ ಅತ್ತೆಯ ಕೈಗೆ ಪಾಸು ಸಿಕ್ಕಿತು.

“ಇದೇನೇ ಇದು, ನಿನ್ನ ಫೋಟೋ? ಎಲ್ಲಾದ್ರೂ ಕೆಲಸಕ್ಕೆ ಸೇರ್ಕೊಂಡ್ಯಾ?”

“ಈಜೋದಕ್ಕೆ ಅತ್ತೆ,” ಎಂದಳು ಸೊಸೆ, ಕದ್ದು ಸಿಕ್ಕಿಬಿದ್ದವಳ ಮುಖ ಮಾಡಿಕೊಂಡು.

“ಎಷ್ಟು ದಿನ ಹೋದೆ?”

“ಒಂದಿನಾನೂ ಇಲ್ಲ. ಕೆಲಸ ಇತ್ತಲ್ಲ...”

“ಕೆಲಸ ಎಲ್ಲಿಗೂ ಓಡಿಹೋಗಲ್ಲ. ನಾನು ಈ ಮನೆಗೆ ಬಂದಾಗಿಂದ ನೋಡ್ತಿದೀನಿ, ಇಲ್ಲೇ ಬಿದ್ದಿದೆ. ನಾಳೆ ಹೋಗೋಣ. ನಾನು ಬ್ಯಾಗು ನೋಡ್ಕೋತೀನಿ.”

ಗಂಡನಿಗೆ ಅಂಚೆ ಕಚೇರಿಯಲ್ಲಿ ಬೆಳಗಿನ ಪಾಳಿ. ಎರಡಕ್ಕೆ ಬಂದು ಉಂಡು ಮಲಗಿದರೆ ಐದರವರೆಗೆ ಜಪ್ಪಯ್ಯ ಅಂದರೂ ಏಳದ ಆಸಾಮಿ. ಅವನನ್ನು ಎಬ್ಬಿಸಿ ಅಂಗಡಿಯಲ್ಲಿ ಕೂರಿಸಿದ್ದೂ ಅತ್ತೆಯೇ. “ರೀ, ಬಂದವರ ಹೆಸರು, ಅಳತೆ ಬರೆದಿಡಿ ಸಾಕು,” ಎಂದು ಹೇಳಿ ಟೈಲರಕ್ಕ ಹೊರಟಳು. ವಾಪಸು ಬಂದು ಪುಸ್ತಕ ತೆಗೆದರೆ ಬ್ಯಾಂಕಿನ ಮೇಡಂ ಹೆಸರಿನ ಮುಂದೆ ದುಂಡಗಿನ ಅಕ್ಷರದಲ್ಲಿ, ‘ಸ್ವಲ್ಪ ದಪ್ಪ. ಆದರೆ ಒಳ್ಳೆಯವರು’ ಎಂದಿತ್ತು.

ಕೊಳದಲ್ಲಿ ಮೊದಲ ದಿನವೇ ಮಾನ ಹೋಯಿತು. ಈಜುಡುಗೆಯನ್ನು ಅವಳು ತಾನೇ ಹೊಲಿದುಕೊಂಡಿದ್ದಳು. ಮೊಣಕಾಲಿನವರೆಗೆ, ತೋಳು ತುಂಬ, ಹೊಲಿಗೆಯಲ್ಲಿ ಕೊಂಕಿಲ್ಲ. ಬಟ್ಟೆ ಮಾತ್ರ ತಪ್ಪಿತ್ತು. ನೀರಿಗಿಳಿದೊಡನೆ ಒಳಗೆ ಗಾಳಿ ಸೇರಿ ಬೆನ್ನು ಬುಸ್ಸೆಂದು ಉಬ್ಬಿತು. ಕಲಿಸುವ ಮೇಡಂ ಸೀಟಿ ಊದುವುದನ್ನೇ ಮರೆತು, “ಇದೇನ್ರೀ, ಬಲೂನು ತಂದಿದೀರಾ?” ಎಂದರು. ಬೆಂಚಿನ ಮೇಲೆ ಬ್ಯಾಗು ಅಪ್ಪಿಕೊಂಡು ಕೂತಿದ್ದ ಅತ್ತೆ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

ಬಟ್ಟೆ ಬದಲಾಯಿತು, ತೇಲುವುದು ಬರಲಿಲ್ಲ. ಅಂಗಾತ ಮಲಗಿ ಎಂದರೆ ಹಲಗೆಯಂತೆ ಸೆಟೆಯುವಳು, ಕತ್ತು ಮೇಲೆತ್ತುವಳು, ಮುಳುಗುವಳು.

“ಏನ್ರೀ ಯೋಚನೆ ಮಾಡ್ತಿದೀರಾ?”

“ಮೂವತ್ತೆರಡು ಕಾಲರು ಬಾಕಿ ಇದೆ ಮೇಡಂ.”

“ಕಾಲರು ಮನೇಲಿ ಸುಖವಾಗಿವೆ. ಮುಳುಗ್ತಿರೋದು ನೀವು!”

ಹೀಗಿರುವಾಗ, ಮಂಡಿನೋವಿಗೆ ನೀರು ಒಳ್ಳೆಯದು ಎಂದು ಮೇಡಂ ಹೇಳಿದ್ದೇ ನೆಪವಾಗಿ ಅತ್ತೆ ಕಾಲು ನೀರಿಗೆ ಬಿಟ್ಟರು. ಮರುವಾರ ತಮಗೂ ಒಂದು ಉಡುಗೆ ಹೊಲಿಸಿಕೊಂಡು ಸೊಂಟದವರೆಗೆ ಇಳಿದರು. ಅದರ ಮರುವಾರ, ಅರವತ್ತಾರರ ಆ ಹೆಂಗಸು ಮಂಚದ ಮೇಲೆ ಮಲಗಿದಷ್ಟೇ ನಿರಾಳವಾಗಿ ನೀರಿನ ಮೇಲೆ ಮಲಗಿಬಿಟ್ಟರು. ಸೊಸೆ ಕಣ್ಣು ಬಾಯಿ ಬಿಟ್ಟು ನಿಂತಳು.

“ಹೇಗೆ ಮಾಡಿದ್ರಿ ಅತ್ತೆ?”

“ಏನೂ ಮಾಡ್ಲಿಲ್ಲ ಕಣೇ. ಏನೂ ಮಾಡ್ಬಾರ್ದು ಅಂತ ತಾನೇ ಅವರು ಹೇಳ್ತಿರೋದು?”

ಏನೂ ಮಾಡದೆ ಇರುವುದೊಂದೇ ಟೈಲರಕ್ಕನಿಗೆ ಬಾರದ ವಿದ್ಯೆ. ಅಷ್ಟರಲ್ಲಿ ಶಾಲೆ ಶುರುವಾಗುವ ಕಾಲ ಬಂತು. ಹೆಡ್‌ಮಿಸ್ಸು ಬಂದು, “ನೂರಿಪ್ಪತ್ತು ಯೂನಿಫಾರಂ, ಇಪ್ಪತ್ತು ದಿನ, ಆಗುತ್ತಲ್ಲ?” ಎಂದರು. ಬಾಯಿ ಅಭ್ಯಾಸಬಲದಿಂದ “ಆಗುತ್ತೆ” ಎಂದಿತು. ಈಜು ನಿಂತಿತು. ನಿಂತದ್ದು ಸೊಸೆಯದು ಮಾತ್ರ. ಅತ್ತೆ ನಾಲ್ಕಕ್ಕೆ ಹತ್ತು ನಿಮಿಷ ಇರುವಾಗಲೇ ಚಪ್ಪಲಿ ಮೆಟ್ಟಿ ಒಬ್ಬರೇ ಹೊರಡುವರು, ಐದೂಕಾಲಿಗೆ ಒದ್ದೆ ಕೂದಲು ಕೊಡವುತ್ತ ಬಂದು, “ಇವತ್ತು ನೀರು ಎಷ್ಟು ತಿಳಿಯಾಗಿತ್ತು ಗೊತ್ತಾ,” ಎನ್ನುವರು. ಆರನೇ ದಿನ ಆ ಮಾತು ಕೇಳುತ್ತ ಟೈಲರಕ್ಕ ಸೂಜಿಯನ್ನು ಬೆರಳಿಗೆ ಚುಚ್ಚಿಕೊಂಡಳು. ಅವಳಿಗೆ ಹೊಟ್ಟೆ ಉರಿಯುತ್ತಿತ್ತು. ಅತ್ತೆಯ ಮೇಲೆ, ತನ್ನ ಮೇಲೆ, ಎದುರಿಗೆ ಗುಡ್ಡದಂತೆ ಬಿದ್ದಿದ್ದ ನೀಲಿ ಬಟ್ಟೆಯ ಮೇಲೆ.

ಮರುದಿನ ಬೆಳಿಗ್ಗೆ ಶಾಲೆಗೆ ಹೋದಳು.

“ಎಪ್ಪತ್ತು ಮಾತ್ರ ಆಗುತ್ತೆ ಮಿಸ್. ಉಳಿದದ್ದು ಬಸ್‌ಸ್ಟ್ಯಾಂಡಿನ ಟೈಲರಿಗೆ ಕೊಟ್ಬಿಡಿ.”

“ಯಾಕೆ, ಹುಷಾರಿಲ್ವಾ?”

“ಚೆನ್ನಾಗಿದೀನಿ. ನಾಲ್ಕು ಗಂಟೆಗೆ ಈಜೋಕೆ ಹೋಗ್ಬೇಕು.”

ಹೆಡ್‌ಮಿಸ್ಸು ಕನ್ನಡಕದ ಮೇಲಿಂದ ಅವಳನ್ನು ನೋಡಿದ ರೀತಿಗೆ ಇನ್ನೊಬ್ಬಳಾಗಿದ್ದರೆ ಮಾತು ವಾಪಸು ತೆಗೆದುಕೊಳ್ಳುತ್ತಿದ್ದಳು. ಇವಳಿಗೂ ತೆಗೆದುಕೊಳ್ಳೋಣ ಅನಿಸಿತು. ತಿರುಗಿ ನೋಡದೆ ಗೇಟು ದಾಟಿ ಬಂದಳು. ಮುಂದಿನ ವರ್ಷ ಶಾಲೆಯ ಅಷ್ಟೂ ಬಟ್ಟೆ ಬಸ್‌ಸ್ಟ್ಯಾಂಡಿನ ಟೈಲರಿಗೇ ಹೋಯಿತು. ಅದಕ್ಕಾಗಿ ಅವಳು ಒಂದು ವಾರ ಮುಖ ಊದಿಸಿಕೊಂಡಿದ್ದಳು, ಆಮೇಲೆ ಮರೆತಳು.

ಮನೆಯಲ್ಲಿ ಆದದ್ದು ಬೇರೆ. ಸಂಜೆ ಅಂಗಡಿ ನೋಡಿಕೊಳ್ಳುತ್ತಿದ್ದ ಗಂಡ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಮಗಳಿಗೆ ಬೀಜಗಣಿತ ಹೇಳಿಕೊಡಲು ಕೂತ. ಅವನು ಎಷ್ಟು ತಪ್ಪು ಮಾಡುತ್ತಿದ್ದನೆಂದರೆ ಅವನನ್ನು ತಿದ್ದಿ ತಿದ್ದಿಯೇ ಹುಡುಗಿ ಪಾಸಾದಳು. ಅದರ ಕೀರ್ತಿಯೆಲ್ಲ ತನ್ನದೇ ಎಂದು ಅವನು ಅಂಚೆ ಕಚೇರಿಯ ಉದ್ದಗಲಕ್ಕೂ ಸಾರಿಕೊಂಡು ಬಂದ.

ಟೈಲರಕ್ಕ ತೇಲಿದ್ದು ಒಂದು ಗುರುವಾರ. ಕಿವಿ ನೀರೊಳಗೆ ಇಳಿಯಿತು, ಸೀಟಿ ಎಲ್ಲೋ ದೂರ ಹೋಯಿತು. ಮೇಲೆ ತಗಡಿನ ಛಾವಣಿಯಲ್ಲಿ ಒಂದು ಪಾರಿವಾಳ ಅತ್ತಿತ್ತ ನಡೆಯುತ್ತಿತ್ತು. ಅದನ್ನು ನೋಡುತ್ತ ಎಷ್ಟು ಹೊತ್ತು ಇದ್ದಳೋ, ಕಾಲರು ನೆನಪಾಗಲಿಲ್ಲ. ‘ಅರೆ, ತೇಲ್ತಿದೀನಿ!’ ಎಂದು ಹೊಳೆದದ್ದೇ ತಡ, ಬುಳಕ್ಕೆಂದು ಮುಳುಗಿ ಒಂದು ಲೋಟ ನೀರು ಕುಡಿದು ಎದ್ದಳು. ಎದ್ದು ಕೆಮ್ಮುತ್ತಲೇ ನಕ್ಕಳು.

ವರ್ಷ ತುಂಬುವುದರೊಳಗೆ ಕೊಳದ ಅಡ್ಡಗಲ ದಾಟುವಷ್ಟಾದಳು, ಮಧ್ಯೆ ಒಂದು ಸಲ ನಿಂತು ಉಸಿರು ತೆಗೆದುಕೊಂಡು. ಅತ್ತೆಗೆ ಅಷ್ಟು ಸಾಲಲಿಲ್ಲ.

“ಮೇಡಂ, ಆ ಆಳದ ಕಡೆಗೆ ನನ್ನನ್ನ ಯಾವಾಗ ಬಿಡ್ತೀರಿ?” ಎಂದು ಒಂದು ಸಂಜೆ ಕೇಳಿದರು.

“ನಿಮ್ಮನ್ನ ಒಬ್ಬರನ್ನೇ ಬಿಡೋ ಹಾಗಿಲ್ಲ ಅಮ್ಮ. ಸೊಸೆ ಜೊತೆಗೆ ಬಂದ್ರೆ ನಾಳೆಯಿಂದಲೇ.”

ಅತ್ತೆ ತಿರುಗಿ ನೋಡಿದರು. ಎದೆಮಟ್ಟದ ನೀರಿನಲ್ಲಿ ಕಂಬಿ ಹಿಡಿದು ನಿಂತಿದ್ದ ಟೈಲರಕ್ಕ, ಏನೂ ಕೇಳಿಸದವಳ ಹಾಗೆ ಬಹಳ ಶ್ರದ್ಧೆಯಿಂದ ಮುಖ ತೊಳೆದುಕೊಳ್ಳುತ್ತಿದ್ದಳು.