‘ಬೇಜಾರಂದ್ರ ಯಾವ ಬೇಜಾರ್ರೀ?’

ಬೆಳಗಿನ ಆರಕ್ಕೆ ಐದು ನಿಮಿಷ. ಮುಂಬಯಿಯ ಜೋಗೇಶ್ವರಿಯ ಚಾಳಿನಲ್ಲಿ ನೀರು ಹಿಡಿಯುವ ಗದ್ದಲ ಆಗತಾನೇ ಮುಗಿದಿದೆ. ಮಲ್ಲಕ್ಕ ಕುಕ್ಕರನ್ನು ಒಲೆಯಿಂದ ಇಳಿಸಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳುತ್ತಾರೆ. ಬದುಕು ಸಾಕೆನಿಸಿದವರು ಕರೆ ಮಾಡುವ ಸಹಾಯವಾಣಿಯಲ್ಲಿ ಹತ್ತರವರೆಗೆ ಇವರ ಪಾಳಿ. “ಸೀಟಿ ಹೊಡೀತಂದ್ರ ಆ ಕಡೀಯವ್ರು ಬೆಚ್ಚಿಬೀಳ್ತಾರ್ರೀ. ಅನ್ನ ಹತ್ತರ ಮ್ಯಾಲಾದ್ರೂ ನಡೀತದ,” ಎನ್ನುತ್ತಾರೆ.

ವಿಜಯಪುರದಿಂದ ಮದುವೆಯಾಗಿ ಬಂದವರು ಬೈಕುಲ್ಲಾದ ಆಸ್ಪತ್ರೆಯೊಂದರ ಟೆಲಿಫೋನ್ ಬೋರ್ಡಿನ ಮುಂದೆ ಇಪ್ಪತ್ತೆಂಟು ವರ್ಷ ಕೂತರು. ಕನ್ನಡ, ಹಿಂದಿ, ಮರಾಠಿ ಮೂರೂ ನಾಲಿಗೆಯ ತುದಿಯಲ್ಲಿ. ನಿವೃತ್ತರಾಗಿ ಸಹಾಯವಾಣಿ ಸೇರಿದ ವರ್ಷವೇ ಕೊರೊನಾ ಬಂತು. ಕಚೇರಿ ಮುಚ್ಚಿ, ಕರೆಗಳು ಮನೆಗೇ ಬರತೊಡಗಿದವು. ಈಗ ಪಾಳಿಗೆ ಐದಾರು ಕರೆ, ಆಗ ಹದಿನೈದು. ಸಂಬಳವಿಲ್ಲ. ಸನ್ಮಾನವಂತೂ ಇಲ್ಲವೇ ಇಲ್ಲ. ಶಾಲು ಹೊದಿಸುವವರಿಗೆ ಈ ಚಾಳಿನ ಮೆಟ್ಟಿಲು ಕಡಿದಾಯಿತೇನೋ!

ಇಷ್ಟೆಲ್ಲ ಬಲ್ಲ ಮಲ್ಲಕ್ಕ ಒಮ್ಮೆ ಎಡವಿದ್ದಾರೆ. ಅದನ್ನವರು ಮುಚ್ಚಿಡುವುದಿಲ್ಲ. ಲಾಕ್‌ಡೌನಿನ ಮೇ ತಿಂಗಳು. ಸಾಂತಾಕ್ರೂಜಿನ ಬಾಗಿಲು ಹಾಕಿದ ಹೋಟೆಲಿನಿಂದ ಉಡುಪಿ ಕಡೆಯ ಅಡುಗೆಯವರೊಬ್ಬರ ಕರೆ ಬಂತು. “ಭಾರೀ ಬೇಜಾರು ಅಕ್ಕ,” ಎಂದರು.

ವಿಜಯಪುರದ ಕಿವಿಗೆ ಬೇಜಾರೆಂದರೆ ಬ್ಯಾಸರ, ಹೊತ್ತು ಹೋಗದಿರುವುದು. “ಎಲ್ಲಾರಿಗೂ ಬ್ಯಾಸರ ಆಗ್ಯದ್ರೀ. ಹಾಡು ಕೇಳ್ರಿ, ಹೊತ್ತು ಹೋಗ್ತದ,” ಎಂದುಬಿಟ್ಟರು ಮಲ್ಲಕ್ಕ. ಆ ಕಡೆಯವರು ಫೋನ್ ಇಟ್ಟುಬಿಟ್ಟರು.

ಪಾಳಿ ಮುಗಿಸಿ ಇದನ್ನು ಹೇಳಿದಾಗ, ಮೇಲ್ವಿಚಾರಕಿ ನಮಿತಾ ಗಾಬರಿಯಾದಳು. ಮುಂಬಯಿಯಲ್ಲೇ ಹುಟ್ಟಿದ ಉಡುಪಿ ಹುಡುಗಿ, ಕನ್ನಡ ತಡವರಿಸುತ್ತದೆ. “ಆಂಟಿ, ನಮ್ಮಲ್ಲಿ ಬೇಜಾರ್ ಅಂದ್ರೆ ಬೋರ್ ಅಲ್ಲ, ದುಃಖ! ಅಜ್ಜಿ ಹೋದಾಗ ಮಮ್ಮಿ ಬೇಜಾರ್ ಅಂತಾನೇ ಅತ್ತದ್ದು.”

“ಎದಿ ಧಸಕ್ಕಂತು,” ಎನ್ನುತ್ತಾರೆ ಮಲ್ಲಕ್ಕ. “ಸಾಯೋ ವಿಚಾರ ಬಂದದೇನು ಅಂತ ಬಾಯಿಬಿಟ್ಟು ಕೇಳ್ರಿ, ಕೇಳಿದ್ರ ಕೆಟ್ಟದ್ದಾಗಂಗಿಲ್ಲ ಅಂತ ಟ್ರೇನಿಂಗಿನ್ಯಾಗ ಎಷ್ಟು ಬಡಕೊಂಡಿದ್ರು. ನಾ ಕೇಳಲೇ ಇಲ್ಲಲ್ಲ!”

ಕರೆದವರ ನಂಬರ್ ಇವರಿಗೆ ಕಾಣಿಸುವುದಿಲ್ಲ. ಹುಡುಕುವುದೆಲ್ಲಿ? ಮಲ್ಲಕ್ಕ ಮೂರು ದಿನ ಹಗಲಿಡೀ ಪಾಳಿ ಕೇಳಿ ಪಡೆದರು. ಮೂರನೆಯ ಬೆಳಿಗ್ಗೆ ಅದೇ ದನಿ, “ಅಕ್ಕ” ಎಂದಿತು.

“ಅಣ್ಣಾರ, ತಪ್ಪಾತ್ರೀ. ನಿಮ್ಮ ಬೇಜಾರನ್ನ ನಮ್ಮೂರಿನ ಬ್ಯಾಸರ ಅಂತ ತಿಳಕೊಂಡ್ನಿ. ಜೀವ ಕಳ್ಕೋಬೇಕು ಅನ್ನಸ್ತದೇನ್ರಿ?”

“ಹೌದಕ್ಕ,” ಎಂದು ಅವರು ಮಗುವಿನಂತೆ ಅತ್ತರು. ಎರಡು ಗಂಟೆ ಮಾತು. ಪಕ್ಕದ ಕೋಣೆಯ ಗೆಳೆಯ ಬಂದು ಜೊತೆಗೆ ಕೂರುವವರೆಗೂ ಮಲ್ಲಕ್ಕ ಫೋನ್ ಇಡಲಿಲ್ಲ. ಆಮೇಲೆ ನಮಿತಾ ವೈದ್ಯರನ್ನು ಗೊತ್ತುಮಾಡಿದಳು.

“ನಾ ಉಳಿಸೀನಿ ಅಂತ ಬರೀಬ್ಯಾಡ್ರಿ ಮತ್ತ,” ಮಲ್ಲಕ್ಕನ ತಾಕೀತು. “ಒಮ್ಮೆ ಕೇಳಿಸಿಕೊಳ್ಳದಾಕಿಗೆ ಎರಡನೇ ಸಲ ಫೋನ್ ಮಾಡಿದ್ರಲ್ಲ, ಆ ದೊಡ್ಡತನ ಅವರದು. ದಿನಾ ಮುಂಜಾನೆ ಅವರನ್ನ ನೆನಿಸಿ ಕೈಮುಗದೇ ಕೂಡ್ತೀನಿ.” ಈಗ ಸಹಾಯವಾಣಿಯಲ್ಲಿ ಕನ್ನಡ ಬಲ್ಲವರೆಲ್ಲ ಬೇಜಾರೆಂದವರಿಗೆ ಮೊದಲು ಕೇಳುವ ಪ್ರಶ್ನೆ, ಯಾವ ಬೇಜಾರು?

ಆ ಅಡುಗೆಯವರು ವರ್ಷಕ್ಕೊಮ್ಮೆಯಾದರೂ ಬೆಳಗಿನ ಪಾಳಿಗೆ ಕರೆ ಮಾಡುತ್ತಾರೆ. ಹೋದ ತಿಂಗಳು ಬಂದ ಕರೆಯನ್ನು ಮಲ್ಲಕ್ಕ ಅವರದೇ ಧಾಟಿಯಲ್ಲಿ ಹೇಳಿ, ನಗುತ್ತಲೇ ಕಣ್ಣೊರೆಸಿಕೊಳ್ಳುತ್ತಾರೆ:

“ಹೆದರ್ಬೇಡಿ ಅಕ್ಕ, ಇವತ್ತು ನಮ್ಮೂರಿನ ಬೇಜಾರಲ್ಲ. ಹೋಟೆಲಿಗೆ ಗಿರಾಕಿ ಇಲ್ಲ ಮಾರಾಯ್ರೆ, ನಿಮ್ಮೂರಿನ ಬ್ಯಾಸರ!”