ನಗೆಕೂಟದಲ್ಲಿ ನನ್ನ ಭಾಷಣ

ಕಷ್ಟ ಬಂದಾಗ ಕುಗ್ಗದೆ ಇರೋದು ಹೇಗೆ ಅಂತ ಭಾಷಣ ಮಾಡೋಕೆ ಯಡಿಯೂರು ಕೆರೆ ಹತ್ತಿರದ ಪಾರ್ಕಿಗೆ ಹೋಗಿದ್ದೆ. ಕರೆದಿದ್ದವರು ಅಲ್ಲಿನ ನಗೆಕೂಟದ ಹಿರಿಯರು. ದಿನಾ ಬೆಳಿಗ್ಗೆ ಸೇರಿ, ಕೈ ಮೇಲೆತ್ತಿ, ಜೋರಾಗಿ ನಗುವುದು ಅವರ ವ್ಯಾಯಾಮ.

ಇಂಥ ಭಾಷಣ ಮಾಡೋದೇ ನನ್ನ ಕೆಲಸ. ಅಂದರೆ, ಆಗಿತ್ತು. ಹಿಂದಿನ ದಿನವಷ್ಟೇ ಕಂಪನಿಯವರು ನನ್ನನ್ನು ಕೆಲಸದಿಂದ ತೆಗೆದಿದ್ದರು. ಒಪ್ಪಿಕೊಂಡುಬಿಟ್ಟಿದ್ದೀನಲ್ಲ ಅಂತ ಹೋದೆ.

"ಧೈರ್ಯ ಅನ್ನೋದು ಅಭ್ಯಾಸದಿಂದ ಬರುತ್ತೆ" ಅಂತ ಶುರು ಮಾಡಿದವಳು ಇದ್ದಕ್ಕಿದ್ದಂತೆ "ನಿನ್ನೆ ನನ್ನ ಕೆಲಸ ಹೋಯ್ತು" ಅಂದುಬಿಟ್ಟೆ.

ಕೂಟದ ಮುಖ್ಯಸ್ಥರಾದ ಪಿಳ್ಳಪ್ಪನವರು ವಿಷಲ್ ಊದಿದರು. ಎಲ್ಲರೂ ಎದ್ದು ಕೈ ಮೇಲೆತ್ತಿ ಹೋ ಹೋ ಅಂತ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

"ನಾಚಿಕೆ ಆಗಲ್ವಾ ಅಂಕಲ್ ನಿಮಗೆ?"

"ತಪ್ಪು ತಿಳ್ಕೋಬೇಡಿ ಮೇಡಂ, ಇಲ್ಲಿ ರೂಲ್ಸೇ ಹಾಗೆ. ಯಾರು ಕಷ್ಟ ಹೇಳ್ಕೊಂಡ್ರೂ ಮೊದ್ಲು ನಗ್ತೀವಿ, ಆಮೇಲೆ ಅವ್ರಿಗೆ ಮಸಾಲೆ ದೋಸೆ ಕೊಡಿಸ್ತೀವಿ. ನನಗೆ ಬೈಪಾಸ್ ಆದಾಗ್ಲೂ ನಕ್ಕಿದ್ರು ಇವ್ರು. ಹೊಲಿಗೆ ಕಿತ್ತೋಗೋ ಥರ ನಾನೂ ನಕ್ಕಿದ್ದೆ."

ಭಾಷಣ ಅಲ್ಲಿಗೇ ನಿಂತಿತು. ಹೋಟೆಲಿನಲ್ಲಿ ದೋಸೆ ತಿಂತಾ, ನಮ್ಮ ಕಂಪನಿ ಮ್ಯಾನೇಜರ್ ಅಳುಮುಖ ಮಾಡಿಕೊಂಡು ನನ್ನನ್ನು ಕಳಿಸಿಕೊಟ್ಟಿದ್ದನ್ನು ನಟಿಸಿ ತೋರಿಸಿದೆ. ಆಗ ಯಾರೂ ವಿಷಲ್ ಊದಬೇಕಾಗಲಿಲ್ಲ.

ಈಗ ಬೇರೆ ಕೆಲಸ ಸಿಕ್ಕಿದೆ. ನಗೆಕೂಟದಲ್ಲಿ ಮಾತ್ರ ನಾನಿನ್ನೂ ನಿರುದ್ಯೋಗಿ. ಸಂತೋಷದ ಸುದ್ದಿಗೆ ಅವರು ಬರೀ ಚಪ್ಪಾಳೆ ತಟ್ಟುತ್ತಾರೆ, ದೋಸೆ ಕೊಡಿಸಲ್ಲ.